ಸೇವಂತಿಗೆ ರಾತ್ರಿ ದೀಪ: ಯಾವಾಗ ಹಚ್ಚಬೇಕು, ಯಾವಾಗ ಆರಿಸಬೇಕು

ಸೇವಂತಿ ಪಾಲಿಹೌಸಿನಲ್ಲಿ ರಾತ್ರಿ ದೀಪ ಹಚ್ಚುವುದು ಹೂ ಬೇಗ ಬರಲಿ ಅಂತಲ್ಲ, ಬರದಿರಲಿ ಅಂತ. ದೀಪ ಉರಿಯುವಷ್ಟು ದಿನ ಗಿಡ ಬರೀ ಕಾಂಡ, ಎಲೆ ಬೆಳೆಸುತ್ತದೆ. ಆರಿಸಿದ ಮೇಲೆ ಮೊಗ್ಗು ಕಟ್ಟುತ್ತದೆ. ಇದು ತಿರುವುಮುರುವಾದರೆ ಗೇಣುದ್ದದ ಗಿಡದ ತುದಿಗೇ ಹೂ ಬಂದು ಕಟ್ಟು ಕಟ್ಟಲು ದಂಟೇ ಇರುವುದಿಲ್ಲ.

ಸೇವಂತಿ ಲೆಕ್ಕ ಇಡುವುದು ರಾತ್ರಿಯ ಉದ್ದವನ್ನು. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಕೆಂಪು ಬೆಳಕು ಬಿದ್ದಾಗ ಒಂದು ರೂಪಕ್ಕೆ ತಿರುಗುತ್ತದೆ, ಕತ್ತಲಲ್ಲಿ ನಿಧಾನಕ್ಕೆ ಹಳೆಯ ರೂಪಕ್ಕೆ ಮರಳುತ್ತದೆ. ಕತ್ತಲು ಸಾಕಷ್ಟು ಹೊತ್ತು ಎಡೆಬಿಡದೆ ಸಿಕ್ಕರೆ ಮಾತ್ರ ಎಲೆಯಿಂದ ಕುಡಿಗೆ ಹೂವಿನ ಸಂಕೇತ ಹೋಗುತ್ತದೆ. ನಡುರಾತ್ರಿ ಒಮ್ಮೆ ಬೆಳಕು ಬಿದ್ದರೆ ಒಂದು ಉದ್ದ ರಾತ್ರಿ ಎರಡು ಗಿಡ್ಡ ರಾತ್ರಿಗಳಾಗಿ ಒಡೆಯುತ್ತದೆ. ಹಗಲು-ರಾತ್ರಿಯ ಉದ್ದ ನೋಡಿ ಗಿಡ ಹೂ ಬಿಡುತ್ತದೆ ಎಂಬ ಸಂಗತಿ ಮೊದಲು ಸ್ಪಷ್ಟವಾಗಿ ದಾಖಲಾದದ್ದು 1920ರಲ್ಲಿ. ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಅದನ್ನು ಕಂಡದ್ದು ಮುಖ್ಯವಾಗಿ ತಂಬಾಕಿನ ಗಿಡದಲ್ಲಿ; ತಂಬಾಕು ಬೆಳೆಯುವ ನಿಪ್ಪಾಣಿ ಕಡೆಯವರಿಗೆ ಇದು ಖುಷಿ ಕೊಡಬಹುದು. ನಮ್ಮ ಪುಂಡಿಯೂ ಹಗಲು ಗಿಡ್ಡವಾದಾಗ ಹೂ ಬಿಡುವ ಜಾತಿಯೇ.

ಹಾಲೆಂಡಿನ ಹೂ ಬೆಳೆಗಾರರ ದೀಪದ ವೇಳಾಪಟ್ಟಿಯನ್ನು ಇಲ್ಲಿಗೆ ಹಾಗೇ ತರಬಾರದು. ಬೆಳಗಾವಿಯಲ್ಲಿ ಡಿಸೆಂಬರಿನ ಅತಿ ಗಿಡ್ಡ ಹಗಲು ಸುಮಾರು 11 ತಾಸು 10 ನಿಮಿಷ, ಜೂನಿನ ಅತಿ ಉದ್ದ ಹಗಲು ಸುಮಾರು 13 ತಾಸು 5 ನಿಮಿಷ. ಬಾಗಲಕೋಟೆ, ವಿಜಯಪುರದಲ್ಲಿ ಕೆಲವೇ ನಿಮಿಷಗಳ ವ್ಯತ್ಯಾಸ. ಹೆಚ್ಚಿನ ತಳಿಗಳು ಹಗಲು ಹದಿಮೂರೂವರೆ ತಾಸಿಗಿಂತ ಕಡಿಮೆ ಇದ್ದರೆ ಮೊಗ್ಗು ಕಟ್ಟಲು ಶುರುಮಾಡುತ್ತವೆ. ಅಂದರೆ ಇಲ್ಲಿ ವರ್ಷದ ಬಹುಪಾಲು ಗಿಡ ಹೂವಿಗೆ ತಯಾರಾಗಿಯೇ ನಿಂತಿರುತ್ತದೆ. ಹಾಗಾಗಿ ನಮ್ಮ ಮುಖ್ಯ ಖರ್ಚು ದೀಪದ್ದು, ಹಗಲನ್ನು ಗಿಡ್ಡ ಮಾಡಲು ಮುಚ್ಚುವ ಕಪ್ಪು ಪರದೆಯದ್ದಲ್ಲ.

ಬೆಳಕು ಎಷ್ಟು ಬೇಕು? ಗಿಡದ ಕುಡಿಯ ಮಟ್ಟದಲ್ಲಿ 100 ಲಕ್ಸ್ (ಬೆಳಕಿನ ಅಳತೆ) ಸಾಕು. ಮಟಮಟ ಮಧ್ಯಾಹ್ನದ ಬಿಸಿಲು ಒಂದು ಲಕ್ಷ ಲಕ್ಸ್ ಸಮೀಪ ಇರುತ್ತದೆ, ಅದರ ಸಾವಿರದಲ್ಲೊಂದು ಪಾಲು ಅಷ್ಟೇ. ಈ ದೀಪದಿಂದ ಗಿಡಕ್ಕೆ ಆಹಾರ ಸಿಗುವುದಿಲ್ಲ, ಬರೀ ಸುದ್ದಿ ಸಿಗುತ್ತದೆ. ಹಗಲು ದಟ್ಟ ನೆರಳು ಪರದೆ ಎಳೆದು ರಾತ್ರಿ ದೀಪದಿಂದ ಸರಿದೂಗಿಸಲು ಹೋದರೆ ದಂಟು ಸಪೂರವಾಗಿ ಬಾಗುತ್ತದೆ.

9 ವ್ಯಾಟ್ ಎಲ್‌ಇಡಿ ಬಲ್ಬುಗಳನ್ನು ಗಿಡದ ತುದಿಯಿಂದ 5 ಅಡಿ ಮೇಲೆ, 6 ಅಡಿಗೊಂದರಂತೆ, ಸಾಲಿನಿಂದ ಸಾಲಿಗೂ 6 ಅಡಿ ಬಿಟ್ಟು ಕಟ್ಟಿ. ಹಳದಿ ಛಾಯೆಯ ವಾರ್ಮ್ ವೈಟ್ ತಗೊಳ್ಳಿ. ನೀಲಿ ಹೊಡೆಯುವ ಬಿಳಿ ಬಲ್ಬಿನಲ್ಲಿ ಕೆಂಪು ಪಾಲು ಕಡಿಮೆ. ಹತ್ತು ಗುಂಟೆಗೆ ಸುಮಾರು 300 ಬಲ್ಬು, 2.7 ಕಿಲೋವ್ಯಾಟ್ ಲೋಡ್. ದಿನಕ್ಕೆ 4 ತಾಸಿಗೆ 11 ಯೂನಿಟ್ ಹತ್ತಿರ. ಗಿಡ ಬೆಳೆದಂತೆ ತಂತಿಯನ್ನೂ ಏರಿಸಬೇಕು. ಒಳಗೆ ಸದಾ ತೇವ ಇರುವುದರಿಂದ, ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಇಎಲ್‌ಸಿಬಿ ಇಲ್ಲದೆ ಲೈನ್ ಎಳೆಯಲೇಬೇಡಿ.

ಅಳತೆಗೆ ಮೊಬೈಲಿನ ಲಕ್ಸ್ ಆ್ಯಪ್ ಅಂದಾಜಿಗೆ ನಡೆಯುತ್ತದೆ. ಸೆನ್ಸರ್ ಇರುವುದು ಸ್ಕ್ರೀನಿನ ಕಡೆ, ಮೇಲ್ತುದಿಯಲ್ಲಿ. ರಾತ್ರಿ ಹೋಗಿ ಫೋನನ್ನು ಅಂಗಾತ ಹಿಡಿದು, ನಾಲ್ಕು ಬಲ್ಬುಗಳ ನಟ್ಟನಡುವೆ ಕುಡಿಯ ಮಟ್ಟದಲ್ಲಿ ನೋಡಿ. ಬಲ್ಬಿನ ಕೆಳಗಿನ ಅಂಕಿ ಯಾವ ಪ್ರಯೋಜನಕ್ಕೂ ಬಾರದು. ಅತಿ ಕತ್ತಲಿನ ಜಾಗದಲ್ಲಿ 100 ಬರಬೇಕು. ಮಡಿಯ ಅಂಚು, ಮೂಲೆಗಳಲ್ಲಿ ಸಾಮಾನ್ಯವಾಗಿ ಕಮ್ಮಿ ಬೀಳುತ್ತದೆ, ಅಲ್ಲಿಗೆ ಒಂದೊಂದು ಬಲ್ಬು ಹೆಚ್ಚಿಗೆ ಬೇಕು.

ಹೊತ್ತು: ರಾತ್ರಿ 10ರಿಂದ 2. ಸಂಜೆಯೇ ಹಚ್ಚಿ 10ಕ್ಕೆ ಆರಿಸಿದರೆ ಆಮೇಲೆ ಎಂಟು ತಾಸಿಗೂ ಮಿಕ್ಕಿ ಕತ್ತಲು ಉಳಿಯುತ್ತದೆ. ನಡುರಾತ್ರಿಯ ಬೆಳಕೇ ಹೆಚ್ಚು ಖಾತ್ರಿ. ಲೋಡ್ ಸಾಲದಿದ್ದರೆ ಹೊಲವನ್ನು ಮೂರು ಪಾಲು ಮಾಡಿ, ಒಂದೊಂದಕ್ಕೆ 10 ನಿಮಿಷ ಉರಿಸಿ 20 ನಿಮಿಷ ಬಿಡಿ. 0.9 ಕಿಲೋವ್ಯಾಟಿನಲ್ಲಿ ಮುಗಿಯುತ್ತದೆ, ಇನ್ವರ್ಟರ್ ಕೂಡ ತಡೆಯುತ್ತದೆ. ಆದರೆ ಈ ಪದ್ಧತಿಯಲ್ಲಿ 100 ಲಕ್ಸಿಗಿಂತ ಕಡಿಮೆ ಆಗುವ ಹಾಗೇ ಇಲ್ಲ.

ಟೈಮರ್ ವಿಷಯದಲ್ಲಿ ಜಿಪುಣತನ ಬೇಡ. ತಿರುಗುವ ಮುಳ್ಳಿನ ಅಗ್ಗದ ಟೈಮರ್ ಕರೆಂಟ್ ಹೋದಾಗ ನಿಂತುಬಿಡುತ್ತದೆ. ದಿನಕ್ಕೆ ಎರಡು ತಾಸು ಕರೆಂಟ್ ಹೋದರೂ ನಾಲ್ಕೇ ದಿನದಲ್ಲಿ ದೀಪ ಬೆಳಗಿನ 6ಕ್ಕೆ ಹತ್ತತೊಡಗುತ್ತದೆ, ಗಿಡಕ್ಕೆ ಅದು ಲೆಕ್ಕಕ್ಕೇ ಇಲ್ಲ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಹಾಕಿ, ಮಧ್ಯೆ ದೊಡ್ಡ ಲೋಡ್ ತಡೆಯುವ ಸ್ವಿಚ್ಚಾದ ಕಾಂಟ್ಯಾಕ್ಟರ್ ಕೊಡಿ. ಒಂದು ರಾತ್ರಿ ತಪ್ಪಿದರೆ ದೊಡ್ಡ ಅನಾಹುತವಿಲ್ಲ. ಸತತ ಮೂರು-ನಾಲ್ಕು ರಾತ್ರಿ ತಪ್ಪಿದರೆ ಗಿಡ ಮೊಗ್ಗಿನ ಕಡೆ ತಿರುಗಬಹುದು.

ದಿನಾಂಕವನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಎಣಿಸಿ. ಯುಗಾದಿ ಆಸುಪಾಸು ಮಾರ್ಚ್ 25ಕ್ಕೆ ಹೂ ಬೇಕು, ತಳಿ 9 ವಾರದ್ದು, ಅಂದರೆ ದೀಪ ಆರಿಸಿದ 9 ವಾರಕ್ಕೆ ಹೂ ಕೊಡುವಂಥದ್ದು ಅಂದುಕೊಳ್ಳಿ. ಜನವರಿ 21ಕ್ಕೆ ದೀಪ ಬಂದ್. ಚಳಿಗಾಲದಲ್ಲಿ ಬೆಳವಣಿಗೆ ನಿಧಾನ, ಆರು ವಾರ ದೀಪ ಬೇಕು. ಹಾಗಾದರೆ ಬೇರು ಬಂದ ಸಸಿಗಳ ನಾಟಿ ಡಿಸೆಂಬರ್ 10ಕ್ಕೆ. ದೀಪ ನಾಟಿಯ ದಿನ ರಾತ್ರಿಯಿಂದಲೇ. ಕುಡಿ ಚಿವುಟುವುದಿದ್ದರೆ ಎರಡು ವಾರ ಬಿಟ್ಟು ಚಿವುಟಿ, ಅದಕ್ಕೆ ತಕ್ಕಂತೆ ದಿನ ಕೂಡಿಸಿ. ಕ್ಯಾಲೆಂಡರಿಗಿಂತ ಸ್ಕೇಲನ್ನು ನಂಬಿ: ದಂಟು 30-35 ಸೆಂಟಿಮೀಟರ್ ಮುಟ್ಟದೆ ದೀಪ ಆರಿಸಬೇಡಿ. ಬೆಳಗಾವಿಯ ಚಳಿ ರಾತ್ರಿ 10 ಡಿಗ್ರಿ ಹತ್ತಿರ ಇಳಿದರೆ ಹೂ ಇನ್ನೂ ಕೆಲ ದಿನ ತಡ. ವಿಜಯಪುರದ ಏಪ್ರಿಲ್-ಮೇ ಬಿಸಿಲಿಗೂ ಅಷ್ಟೇ, ಸೆಕೆಗೆ ಮೊಗ್ಗು ಮುಂದಕ್ಕೆ ಹೋಗುವುದಿಲ್ಲ. ಅಲ್ಲಿ ಆ ತಿಂಗಳ ಹೂವಿಗೆ ಕೈ ಹಾಕದಿರುವುದೇ ವಾಸಿ.

ಮೇ ಕೊನೆಯಿಂದ ಜುಲೈವರೆಗೆ ಮಾತ್ರ ಕಪ್ಪು ಪರದೆ ಬೇಕಾಗಬಹುದು, ಮುಸ್ಸಂಜೆ ಮತ್ತು ನಸುಕಿನ ಬೆಳಕೂ ಹಗಲಿಗೆ ಕೂಡುವುದರಿಂದ. ಸಂಜೆ 6:30ಕ್ಕೆ ಮುಚ್ಚಿ ಬೆಳಿಗ್ಗೆ 7:30ಕ್ಕೆ ತೆಗೆಯಿರಿ, 13 ತಾಸು ಆಯಿತು. ಐದಕ್ಕೇ ಮುಚ್ಚಿದರೆ ಒಳಗೆ ಕಾವು ಕೂತು ಹೂ ಮತ್ತೆ ತಡವಾಗುತ್ತದೆ. ಮೊಗ್ಗಿಗೆ ಬಣ್ಣ ಬಂದ ಮೇಲೆ ಪರದೆ ಬೇಡ.

ಕೆಟ್ಟದ್ದನ್ನು ಎಲೆ ನೋಡಿ ಗುರುತಿಸಬಹುದು. ಕುಡಿಯಲ್ಲಿ ಒಂಟಿ ಮೊಗ್ಗು ನಿಂತು, ಅದರ ಕೆಳಗಿನ ಎಲೆಗಳು ಕಚ್ಚುಗಳಿಲ್ಲದೆ ಪಟ್ಟಿಯಂತೆ ಉದ್ದವಾಗಿದ್ದರೆ, ಗಿಡ ಹೂವಿಗೆ ಶುರುಮಾಡಿ ಮಧ್ಯದಲ್ಲಿ ತಡೆದಿದೆ ಎಂದರ್ಥ: ದೀಪದ ದಿನಗಳಲ್ಲಿ ಅಲ್ಲಿ ಬೆಳಕು ಸಾಲಲಿಲ್ಲ, ಇಲ್ಲವೇ ಕತ್ತಲಿನ ದಿನಗಳಲ್ಲಿ ಬೆಳಕು ನುಸುಳಿತು. ಆ ಮೊಗ್ಗು ಚಿವುಟಿ ಹಾಕಿದರೆ ಪಕ್ಕದ ಕವಲುಗಳು ಬರುತ್ತವೆ. ಹೊಲವೆಲ್ಲ ಹೂವಾಗಿ ಒಂದು ಮೂಲೆ ಮಾತ್ರ ಹಸಿರಾಗಿ ಉಳಿದಿದ್ದರೆ ಗೊಬ್ಬರ ಸುರಿಯುವ ಮೊದಲು ರಾತ್ರಿ ಅಲ್ಲಿ ಹೋಗಿ ನಿಲ್ಲಿ. ಪಂಪ್‌ಸೆಟ್ ಮನೆಯ ಬಲ್ಬೋ ಬೀದಿ ದೀಪವೋ ಆ ಮೂಲೆಗೆ ಬೀಳುತ್ತಿರುತ್ತದೆ. ಒಂದು ತಗಡು ಅಡ್ಡ ಕಟ್ಟಿದರೆ ಸಾಕು.