ರಾಜೀನಾಮೆಗೆ ಮೊದಲು ಒಂದು ಪುಟ, ಆಮೇಲೆ ಒಂದೇ ಸರ್ವರ್

ಮೀಟಿಂಗಿನಲ್ಲಿ "ಸಾಫ್ಟ್‌ವೇರಿನ ಆರ್ಕಿಟೆಕ್ಚರ್ ಸರಿಯಿಲ್ಲ" ಅಂದರೆ ಅದು ಬರೀ ಅಭಿಪ್ರಾಯ. ಲೆಕ್ಕ ಹಾಕಿ ತೋರಿಸಿದರೆ ಯಾರಾದರೂ ಒಂದು ಉತ್ತರ ಕೊಡಲೇಬೇಕಾಗುತ್ತದೆ. ಹಾಗಾಗಿ ಕೆಲಸ ಬಿಡುವ ಮೊದಲು ನನ್ನ ಆಕ್ಷೇಪವನ್ನು ಒಂದು ಪುಟದಲ್ಲಿ ಬರೆದು ಕೊಟ್ಟೆ.

ಚೆನ್ನಾಗಿ ಓಡುತ್ತಿದ್ದ ಜಾವಾ ಅಪ್ಲಿಕೇಶನ್ ಒಡೆದು 14 ಮೈಕ್ರೋಸರ್ವಿಸ್ (ಬೇರೆ ಬೇರೆಯಾಗಿ ಓಡುವ ಸಣ್ಣ ಅಪ್ಲಿಕೇಶನ್) ಮಾಡಿದ್ದರು, ಹಿಂದಿದ್ದ ಡೇಟಾಬೇಸ್, ಪೋಸ್ಟ್‌ಗ್ರೆಸ್ ಮಾತ್ರ ಒಂದೇ. ಜಾವಾದ ಸ್ಪ್ರಿಂಗ್ ಬೂಟ್ ಚೌಕಟ್ಟಿನ ಜೊತೆ ಬರುವ ಹಿಕಾರಿ ಪೂಲ್ ಡೇಟಾಬೇಸಿಗೆ ಕನೆಕ್ಷನ್ ತೆರೆದಿಟ್ಟುಕೊಳ್ಳುತ್ತದೆ; ಅದರ ಸೆಟ್ಟಿಂಗ್ ಯಾರೂ ಮುಟ್ಟದಿದ್ದರೆ 10 ಕನೆಕ್ಷನ್ ಹಿಡಿದು ಕೂರುತ್ತದೆ. ಪ್ರತಿ ಸರ್ವಿಸ್ಸಿನ ಎರಡು ಪ್ರತಿ ಓಡುತ್ತಿದ್ದವು: 14 × 2 × 10 = 280. ಪೋಸ್ಟ್‌ಗ್ರೆಸ್ಸಿನ ಡೀಫಾಲ್ಟ್ ಮಿತಿ 100. ಲಾಗ್ ತುಂಬ "ಟೂ ಮೆನಿ ಕ್ಲೈಂಟ್ಸ್". ಮಿತಿಯನ್ನೇ 500ಕ್ಕೆ ಏರಿಸೋಣ ಅನ್ನುವವರು ಇದ್ದೇ ಇರುತ್ತಾರೆ. ಆದರೆ ಪೋಸ್ಟ್‌ಗ್ರೆಸ್ ಪ್ರತಿ ಕನೆಕ್ಷನ್ನಿಗೂ ಒಂದು ಪ್ರೊಸೆಸ್ ತೆರೆಯುತ್ತದೆ, ಮೆಮೊರಿ ಅಲ್ಲೇ ಖಾಲಿ.

ಇರುವ ಕನೆಕ್ಷನ್ನುಗಳನ್ನೇ ಹಂಚಿಕೊಡುವ ಪಿಜಿಬೌನ್ಸರ್ ಮಧ್ಯೆ ಹಾಕಿದರೆ ಜ್ವರ ಇಳಿಯುತ್ತದೆ, ರೋಗ ಹೋಗುವುದಿಲ್ಲ. ಮೊದಲು ಆರ್ಡರ್ ಬರೆಯುವುದೂ ಸ್ಟಾಕ್ ಇಳಿಸುವುದೂ ಒಂದೇ ಟ್ರಾನ್ಸಾಕ್ಷನ್: ಆದರೆ ಎರಡೂ ಆಗುತ್ತಿತ್ತು, ಇಲ್ಲದಿದ್ದರೆ ಎರಡೂ ಇಲ್ಲ. ಈಗ ಆರ್ಡರ್ ಸರ್ವಿಸ್ ಎಚ್‌ಟಿಟಿಪಿ ಮೂಲಕ ಸ್ಟಾಕ್ ಸರ್ವಿಸ್ಸನ್ನು ಕೇಳಬೇಕು. ಅಲ್ಲಿ ಸ್ಟಾಕ್ ಇಳಿದಿರುತ್ತದೆ, ಉತ್ತರ ಬರುವಷ್ಟರಲ್ಲಿ ಟೈಮ್‌ಔಟ್. ಆರ್ಡರ್ ಸರ್ವಿಸ್ ಮತ್ತೆ ಕೇಳುತ್ತದೆ, ಸ್ಟಾಕ್ ಎರಡನೇ ಸಲ ಇಳಿಯುತ್ತದೆ. ಪ್ರತಿ ಕೋರಿಕೆಗೂ ಒಂದು ಐಡೆಂಪೊಟೆನ್ಸಿ ಕೀ (ಅದೇ ಕೋರಿಕೆ ಮತ್ತೆ ಬಂತು ಅಂತ ತಿಳಿಸುವ ಗುರುತು) ಇಟ್ಟಿದ್ದರೆ ತಪ್ಪುತ್ತಿತ್ತು. ಆ ಎರಡು ಸರ್ವಿಸ್ ಮತ್ತೆ ಒಂದು ಮಾಡಿದ್ದರೆ ಕೀಯೂ ಬೇಕಿರಲಿಲ್ಲ.

ನನ್ನ ಪುಟಕ್ಕೆ ಉತ್ತರ ಬರಲಿ ಅಂತ ಎರಡು ಸ್ಪ್ರಿಂಟ್ (ತಂಡದ ಕೆಲಸದ ಸುತ್ತು) ಕಾದೆ. ಬಂದದ್ದು ಹದಿನೈದನೇ ಸರ್ವಿಸ್.

ರಾಜೀನಾಮೆ ಮೇಲ್ ಎರಡೇ ಸಾಲು ಸಾಕು. ತಾಂತ್ರಿಕ ಜಗಳಕ್ಕೆ ಅದು ಜಾಗವಲ್ಲ. 90 ದಿನದ ನೋಟಿಸಿನಲ್ಲಿ ಮಾಡುವ ಕೆಲಸ ಬೇಕಾದಷ್ಟಿದೆ. ಕಂಪನಿಯ ಗುಂಪು ಆರೋಗ್ಯ ವಿಮೆ ಸಾಮಾನ್ಯವಾಗಿ ಕೊನೆಯ ದಿನಕ್ಕೇ ಮುಗಿಯುತ್ತದೆ. ಸ್ವಂತ ಪಾಲಿಸಿಗೆ ಅಪಘಾತ ಬಿಟ್ಟು ಉಳಿದದ್ದಕ್ಕೆ ಮೊದಲ 30 ದಿನ ಕಾಯಬೇಕು, ಹಾಗಾಗಿ ನೋಟಿಸಿನ ಮೊದಲ ವಾರವೇ ತೆಗೆದುಕೊಳ್ಳಿ. ಆ ಕಂಪನಿಯಲ್ಲಿ ಐದು ವರ್ಷ ತುಂಬಲು ಒಂದೆರಡು ತಿಂಗಳಿದ್ದರೆ, ಗ್ರಾಚುಯಿಟಿಗಾಗಿ (ಸೇವೆಗೆ ಕಂಪನಿ ಕೊಡುವ ಇಡಿಗಂಟು) ಕೋಪವನ್ನು ಅಷ್ಟು ದಿನ ಅದುಮಿಡಿ. ಅದರ ಲೆಕ್ಕ ಸ್ಥೂಲವಾಗಿ ಕೊನೆಯ ತಿಂಗಳ ಬೇಸಿಕ್ × 15/26 × ವರ್ಷ. ಬೇಸಿಕ್ 60,000 ಇದ್ದರೆ ಐದು ವರ್ಷಕ್ಕೆ ಸುಮಾರು 1.73 ಲಕ್ಷ. ಪಿಎಫ್ ಮುರಿಯಬೇಡಿ, ಐದು ವರ್ಷದೊಳಗೆ ತೆಗೆದರೆ ತೆರಿಗೆ ಬೀಳುತ್ತದೆ. ನಿರ್ಗಮನ ದಿನಾಂಕವನ್ನು ಕಂಪನಿ ದಾಖಲಿಸಿದೆಯೇ ಅಂತ ಮಾತ್ರ ನೋಡಿಕೊಳ್ಳಿ.

ಕೋಡಿನ ಒಂದು ಫೈಲೂ ಜೊತೆಗೆ ಬರಕೂಡದು. ಒಪ್ಪಂದದಲ್ಲಿ ಬೇರೇನೂ ಬರೆದಿಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕೆಲಸದ ಭಾಗವಾಗಿ ಬರೆದದ್ದು ಮಾಲೀಕರದ್ದು.

ಸ್ವಂತವಾಗಿ ಕೆಲಸ ಶುರು ಮಾಡುವಾಗ ಆರು ತಿಂಗಳ ಮನೆ ಖರ್ಚು ಬೇರೆ ಖಾತೆಯಲ್ಲಿತ್ತು. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಕ್ಲೈಂಟ್ ಸಾಮಾನ್ಯವಾಗಿ ಟಿಡಿಎಸ್ (ಮೊದಲೇ ಕಡಿಯುವ ತೆರಿಗೆ) ಹಿಡಿದೇ ದುಡ್ಡು ಹಾಕುತ್ತಾರೆ, ಕೈಗೆ ಬರುವ ಲೆಕ್ಕದಲ್ಲೇ ಖರ್ಚು ಹಾಕಿಕೊಳ್ಳಬೇಕು.

ತಂತ್ರಜ್ಞಾನದಲ್ಲಿ ಹೊಸದೇನೂ ಇಲ್ಲ: 4 ಜಿಬಿಯ ಒಂದು ಸರ್ವರ್, ಪೈಥಾನ್ ಭಾಷೆಯ ಜ್ಯಾಂಗೋ ಚೌಕಟ್ಟಿನಲ್ಲಿ ಒಂದು ಅಪ್ಲಿಕೇಶನ್, ಒಂದು ಪೋಸ್ಟ್‌ಗ್ರೆಸ್. ರಾತ್ರಿ ಪಿಜಿ ಡಂಪ್ ಬಳಸಿ ಡೇಟಾಬೇಸಿನ ಬ್ಯಾಕಪ್, ಅದರ ಪ್ರತಿ ಬೇರೆ ಕಡೆಗೆ. ತಿಂಗಳಿಗೊಮ್ಮೆ ಖಾಲಿ ಯಂತ್ರದಲ್ಲಿ ಅದನ್ನು ಮರಳಿ ಹಾಕಿ ನೋಡುತ್ತೇನೆ. ಮೊದಲ ಸಲವೇ "ರೋಲ್ ಇಲ್ಲ" ಅಂದಿತು. ಪಿಜಿ ಡಂಪ್ ಒಂದು ಡೇಟಾಬೇಸನ್ನಷ್ಟೇ ತರುತ್ತದೆ. ರೋಲ್ ಅಂದರೆ ಡೇಟಾಬೇಸಿನ ಬಳಕೆದಾರರು, ಪಾಸ್‌ವರ್ಡ್ ಎಲ್ಲ ಬೇಕಾದರೆ ಪಿಜಿ ಡಂಪ್‌ಆಲ್ ಅನ್ನು ಗ್ಲೋಬಲ್ಸ್ ಓನ್ಲಿ ಅಂತ ಕೊಟ್ಟು ಬೇರೆಯೇ ಓಡಿಸಬೇಕು.