ಕಾಸರಗೋಡು–ಮಂಗಳೂರು ಪ್ರಯಾಣದ ಆಯ್ಕೆ: ಕಣ್ಣಿಗೆ ಕಾಣದ ಒಲವುಗಳನ್ನು ಅಂದಾಜಿಸುವ ಕ್ರಮ

ಕಾಸರಗೋಡಿನಿಂದ ಮಂಗಳೂರಿಗೆ ಕಾಲೇಜು, ಕೆಲಸ, ಆಸ್ಪತ್ರೆ ಎಂದು ಹೋಗಿಬರುವವರು ರೈಲು, ಬಸ್ಸು, ಸ್ವಂತ ವಾಹನಗಳಲ್ಲಿ ಯಾವುದನ್ನು ಏಕೆ ಆರಿಸಿಕೊಳ್ಳುತ್ತಾರೆ ಎಂಬುದನ್ನು ಅಧ್ಯಯನ ಮಾಡುವವರು ಮೊದಲು ಕೈಗೆತ್ತಿಕೊಳ್ಳುವುದು ಅರ್ಥಶಾಸ್ತ್ರಜ್ಞ ಡೇನಿಯಲ್ ಮೆಕ್‌ಫ್ಯಾಡನ್ 1974ರಲ್ಲಿ ಪ್ರಕಟಿಸಿದ ಕಂಡೀಷನಲ್ ಲಾಜಿಟ್ ಮಾದರಿಯನ್ನು, ಅಂದರೆ ಪ್ರತಿ ಪರ್ಯಾಯದ ಸಮಯ, ದರ ಮುಂತಾದ ಗುಣಗಳಿಂದ ಅದನ್ನು ಆರಿಸುವ ಸಂಭವನೀಯತೆಯನ್ನು ಲೆಕ್ಕಹಾಕುವ ಸೂತ್ರವನ್ನು. ಸಮಯಕ್ಕೆ ಕೊಡುವ ತೂಕವಾಗಲಿ ಹಣಕ್ಕೆ ಕೊಡುವ ತೂಕವಾಗಲಿ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವುದಿಲ್ಲವೆಂದು ಅದು ಭಾವಿಸುತ್ತದೆ. ಆದರೆ ಕುಂಬಳೆಯಿಂದ ತರಗತಿಗೆ ಹೊರಟ ವಿದ್ಯಾರ್ಥಿನಿಗೂ ಉಪ್ಪಳದಿಂದ ಡಯಾಲಿಸಿಸ್‌ಗೆ ಹೊರಟ ಹಿರಿಯರಿಗೂ ಅರ್ಧ ಗಂಟೆಯ ಬೆಲೆ ಒಂದೇ ಅಲ್ಲ. ವಯಸ್ಸು, ಆದಾಯಗಳನ್ನು ಸೇರಿಸಿದ ಮೇಲೂ ಉಳಿಯುವ ಇಂಥ ವ್ಯತ್ಯಾಸವನ್ನು ಹಿಡಿಯಲು ಮಿಕ್ಸ್ಡ್ ಲಾಜಿಟ್ ಬೇಕು. ಅದರಲ್ಲಿ ಗುಣಾಂಕವೇ, ಅಂದರೆ ಸಮಯಕ್ಕೋ ದರಕ್ಕೋ ಕೊಡುವ ಆ ತೂಕವೇ, ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ. ನಾವು ಅಂದಾಜಿಸುವುದು ಜನರಲ್ಲಿ ಆ ಗುಣಾಂಕ ಹರಡಿರುವ ಬಗೆಯ, ಅಂದರೆ ಹಂಚಿಕೆಯ, ಸರಾಸರಿಯನ್ನು ಮತ್ತು ಮಾನಕ ವಿಚಲನೆಯನ್ನು (ಸರಾಸರಿಯಿಂದ ಎಷ್ಟು ಚದುರಿದೆ ಎಂಬ ಅಳತೆಯನ್ನು).

ಒಬ್ಬರಿಂದ ಒಂದೇ ಆಯ್ಕೆ ಪಡೆದ ದತ್ತಾಂಶದಿಂದ ಈ ಹಂಚಿಕೆಯನ್ನು ಗುರುತಿಸುವುದು ಬಹಳ ಕಷ್ಟ. ಆದ್ದರಿಂದ ಪ್ರತಿಯೊಬ್ಬರಿಗೂ ಹಲವು ಕಾರ್ಡುಗಳನ್ನು ತೋರಿಸಬೇಕು: ಒಂದರಲ್ಲಿ ‘ರೈಲು, 60 ನಿಮಿಷ, 30 ರೂಪಾಯಿ, ನಿಂತು ಪ್ರಯಾಣ’ ಮತ್ತು ‘ಬಸ್ಸು, 90 ನಿಮಿಷ, 80 ರೂಪಾಯಿ, ಕೂರಲು ಸೀಟು’ ಎಂದಿದ್ದರೆ, ಮುಂದಿನದರಲ್ಲಿ ಈ ಅಂಕಿಗಳು ಬದಲಾಗಬೇಕು. ಕಾರ್ಡುಗಳನ್ನು ಕನ್ನಡ, ಮಲಯಾಳ ಎರಡರಲ್ಲೂ ಮುದ್ರಿಸಿ, ತುಳುವಿನಲ್ಲಿ ವಿವರಿಸಬಲ್ಲವರನ್ನು ಜತೆಗಿಟ್ಟುಕೊಳ್ಳುವುದು ಈ ಪ್ರದೇಶದಲ್ಲಿ ಅಗತ್ಯವೆಂದೇ ನನ್ನ ಅಭಿಪ್ರಾಯ. ದತ್ತಾಂಶದಲ್ಲಿ ಪ್ರತಿ ಪರ್ಯಾಯಕ್ಕೆ ಒಂದು ಸಾಲು ಇರಲಿ. ವ್ಯಕ್ತಿಯ ಸಂಖ್ಯೆಗೂ ಕಾರ್ಡಿನ ಸಂಖ್ಯೆಗೂ ಬೇರೆ ಬೇರೆ ಕಾಲಂ ಇರಲಿ.

ವ್ಯಕ್ತಿಯ ಸಂಖ್ಯೆಯ ಆ ಕಾಲಂ ಏಕೆ ಅಷ್ಟು ಮುಖ್ಯ ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಜನರಲ್ಲಿ ಅರ್ಧದಷ್ಟು ಮಂದಿ ರೈಲನ್ನು ಆರಿಸುವ ಸಂಭವನೀಯತೆ 0.9, ಉಳಿದವರದು 0.1 ಎಂದಿಟ್ಟುಕೊಳ್ಳೋಣ. ಒಂದು ಕಾರ್ಡಿಗೆ ಸರಾಸರಿ 0.5 ಬರುತ್ತದೆ. ಒಬ್ಬರೇ ಎರಡು ಸಲವೂ ರೈಲನ್ನು ಆರಿಸುವ ಸಂಭವನೀಯತೆ 0.81 ಮತ್ತು 0.01ರ ಸರಾಸರಿ, ಅಂದರೆ 0.41. ಕಾರ್ಡುಗಳನ್ನು ಬೇರೆ ಬೇರೆ ಜನರದೆಂದು ಎಣಿಸಿದರೆ ಸಿಗುವುದು 0.25 ಮಾತ್ರ. ಆದ್ದರಿಂದ ಮೊದಲು ಒಬ್ಬರ ಎಲ್ಲ ಆಯ್ಕೆಗಳ ಸಂಭವನೀಯತೆಗಳನ್ನು ಗುಣಿಸಿ, ಆಮೇಲೆ ಹಂಚಿಕೆಯ ಮೇಲೆ ಸರಾಸರಿ ತೆಗೆಯಬೇಕು. ಆರ್ ಭಾಷೆಯ ಅಪೊಲೊ, ಪೈಥಾನಿನ ಬಯೋಜೀಮ್ ಎಂಬ ತಂತ್ರಾಂಶಗಳೆರಡೂ ಇದನ್ನು ಮಾಡುತ್ತವೆ, ಆದರೆ ದತ್ತಾಂಶ ಪ್ಯಾನೆಲ್ ರೂಪದ್ದು, ಅಂದರೆ ಒಬ್ಬೊಬ್ಬರದೂ ಹಲವು ಆಯ್ಕೆಗಳಿರುವಂಥದ್ದು, ಎಂದು ನಾವು ಸೂಚಿಸಬೇಕು.

ಸಮಯದ ಗುಣಾಂಕಕ್ಕೆ ನಾರ್ಮಲ್ ಹಂಚಿಕೆಯಿಂದ (ಧನ, ಋಣ ಎರಡೂ ಮೌಲ್ಯಗಳಿಗೆ ಎಡೆಯಿರುವ ಹಂಚಿಕೆಯಿಂದ) ಆರಂಭಿಸಬಹುದು. ದರದ ಗುಣಾಂಕಕ್ಕೆ ಮಾತ್ರ ಅದನ್ನು ಕೊಡಬಾರದು: ಕೆಲವರು ಹೆಚ್ಚು ದರವನ್ನೇ ಇಷ್ಟಪಡುತ್ತಾರೆಂಬ ಫಲಿತಾಂಶ ಬರುತ್ತದೆ, ಅಲ್ಲದೆ ಛೇದದಲ್ಲಿರುವ ದರದ ಗುಣಾಂಕ ಸೊನ್ನೆಯ ಹತ್ತಿರ ಹೋಗುವುದರಿಂದ ಸಮಯ ಮತ್ತು ದರಗಳ ಗುಣಾಂಕಗಳ ಅನುಪಾತ ಅರ್ಥ ಕಳೆದುಕೊಳ್ಳುತ್ತದೆ. ದರದ ಚಿಹ್ನೆಯನ್ನು ತಿರುಗಿಸಿ, ಧನ ಮೌಲ್ಯಗಳನ್ನಷ್ಟೇ ಕೊಡುವ ಲಾಗ್‌ನಾರ್ಮಲ್ ಬಳಸುವುದು, ಇಲ್ಲವೇ ಆ ಗುಣಾಂಕವನ್ನು ಸ್ಥಿರವಾಗಿಡುವುದು ಸರಿಯಾದ ದಾರಿ.

ಹಂಚಿಕೆಯ ಮೇಲೆ ಸರಾಸರಿ ತೆಗೆಯುವ ಈ ಸಮಾಕಲನಕ್ಕೆ (ಇಂಟಿಗ್ರೇಷನ್) ನೇರ ಸೂತ್ರವಿಲ್ಲದ ಕಾರಣ ಸಿಮ್ಯುಲೇಷನ್ ಮಾಡಬೇಕಾಗುತ್ತದೆ, ಅಂದರೆ ಹಂಚಿಕೆಯಿಂದ ಹಲವು ಮೌಲ್ಯಗಳನ್ನು ಎತ್ತಿ ಅವುಗಳ ಮೇಲೆ ಸರಾಸರಿ ತೆಗೆಯಬೇಕಾಗುತ್ತದೆ. ಅಂದಾಜು ಶುರುಮಾಡುವ ಆರಂಭಿಕ ಮೌಲ್ಯಗಳನ್ನು ಸರಳ ಲಾಜಿಟ್‌ನಿಂದ ತೆಗೆದುಕೊಂಡು, 100 ಹಾಲ್ಟನ್ ಡ್ರಾಗಳಿಂದ (ಹಂಚಿಕೆಯನ್ನು ಸಮವಾಗಿ ಆವರಿಸುವಂತೆ ಎತ್ತಿದ ಮೌಲ್ಯಗಳಿಂದ) ಪರೀಕ್ಷಿಸಿ, ಬಳಿಕ 500, 1000 ಎಂದು ಹೆಚ್ಚಿಸುತ್ತಾ ಹೋಗಿ, ಅಂದಾಜುಗಳು ಕದಲದೆ ನಿಂತ ಮೇಲಷ್ಟೇ ಅವನ್ನು ಒಪ್ಪಬೇಕು. ಯಾದೃಚ್ಛಿಕ ಗುಣಾಂಕಗಳು (ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವಂಥವು) ಹೆಚ್ಚಾದರೆ ಹಾಲ್ಟನ್ ಸರಣಿಗಳು ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಸೊಬೋಲ್ ಎಂಬ ಅದೇ ಬಗೆಯ ಇನ್ನೊಂದು ಸರಣಿ ಲೇಸು. ಬೇರೆ ಆರಂಭಿಕ ಮೌಲ್ಯಗಳಿಂದಲೂ ಅದೇ ಲಾಗ್-ಲೈಕ್ಲಿಹುಡ್ (ಮಾದರಿ ದತ್ತಾಂಶಕ್ಕೆ ಎಷ್ಟು ಹೊಂದುತ್ತದೆ ಎಂಬ ಅಳತೆ) ಬರುತ್ತದೆಯೇ ಎಂದು ನೋಡಬೇಕು. ನಾರ್ಮಲ್ ಹಂಚಿಕೆಯ ಮಾನಕ ವಿಚಲನೆ ಋಣ ಚಿಹ್ನೆಯಲ್ಲಿ ಬಂದರೆ ಗಾಬರಿ ಬೇಡ. ಅದರ ಪರಿಮಾಣವಷ್ಟೇ ಲೆಕ್ಕಕ್ಕೆ ಬರುತ್ತದೆ.

ಸಮಯವನ್ನು ನಿಮಿಷದಲ್ಲಿ ಅಳೆದಿದ್ದರೆ, ಸಮಯದ ಗುಣಾಂಕವನ್ನು ದರದ ಗುಣಾಂಕದಿಂದ ಭಾಗಿಸಿ 60ರಿಂದ ಗುಣಿಸಿದಾಗ ಒಂದು ಗಂಟೆಯ ಬೆಲೆ ರೂಪಾಯಿಯಲ್ಲಿ ಸಿಗುತ್ತದೆ. ವರದಿಯಲ್ಲಿ ಸರಾಸರಿಯೊಂದನ್ನೇ ಕೊಡದೆ ಹಂಚಿಕೆಯ ಕಾಲುಭಾಗ, ನಡು, ಮುಕ್ಕಾಲುಭಾಗದ ಬೆಲೆಗಳನ್ನೂ ಕೊಡಬೇಕು. ಹಂಚಿಕೆಯಲ್ಲಿ ಎರಡು ಸ್ಪಷ್ಟ ಗುಂಪುಗಳಿರುವ ಸಂಶಯ ಬಂದರೆ ಜನರನ್ನು ಕೆಲವೇ ಗುಂಪುಗಳಾಗಿ ವಿಂಗಡಿಸುವ ಲೇಟೆಂಟ್ ಕ್ಲಾಸ್ ಮಾದರಿಯನ್ನೂ ಅಂದಾಜಿಸಿ, ಎರಡೂ ಮಾದರಿಗಳ ಬಿಐಸಿ ಅಂಕಿಗಳನ್ನು (ಹೊಂದಾಣಿಕೆಯ ಜತೆಗೆ ಮಾದರಿಯ ಸಂಕೀರ್ಣತೆಯನ್ನೂ ಎಣಿಸುವ ಅಳತೆ, ಕಡಿಮೆಯಿದ್ದಷ್ಟೂ ಒಳ್ಳೆಯದು) ಹೋಲಿಸಿ ನೋಡಬೇಕು.