ಒಣಗಿದ ಕೈಗವಸು, ಫ್ಲಾಸ್ಕಿನಲ್ಲಿ ಸಾರು: ಡೂವೆಡ್‌ನಲ್ಲಿ ನಮ್ಮ ಹಿಮದ ರಜೆ

"ಒಣಗಿಸೋಕೆ ಜಾಗ ಇದೆಯೇನೆ ಅಲ್ಲಿ?"

ಸ್ಕೀ ಹಳ್ಳಿಗೆ ಹೋಗುತ್ತಿದ್ದೇವೆ ಅಂದಾಗ ಅಮ್ಮ ಕೇಳಿದ ಮೊದಲ ಮಾತು ಇದು. ಎಷ್ಟು ಚಳಿ, ಬಿದ್ದರೆ ಏನು ಗತಿ ಅಂತ ಕೇಳಲಿಲ್ಲ. ಅಮ್ಮ ತೀರ್ಥಹಳ್ಳಿ ಕಡೆಯವರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ ಮಕ್ಕಳ ಯೂನಿಫಾರ್ಮ್ ಒಣಗಿಸಿದವರು. ಒದ್ದೆ ಬಟ್ಟೆಯಲ್ಲಿ ಮಗು ಎಷ್ಟು ಬೇಗ ಸೋಲುತ್ತದೆ ಅನ್ನುವುದು ಅವರಿಗೆ ಗೊತ್ತು. ನಾನು ಆಗ "ಇರುತ್ತೆ ಬಿಡಮ್ಮ" ಅಂದು ಸುಮ್ಮನಾದೆ. ವಾರ ಮುಗಿಯುವ ಹೊತ್ತಿಗೆ, ಕೇಳಬೇಕಾಗಿದ್ದ ಪ್ರಶ್ನೆಯನ್ನೇ ಅಮ್ಮ ಕೇಳಿದ್ದರು ಅಂತ ಅರ್ಥವಾಯಿತು.

ನಾವಿರುವುದು ಸ್ವೀಡನ್ನಿನ ಸ್ಟಾಕ್‌ಹೋಮ್ ಹತ್ತಿರ. ಮಗಳಿಗೆ 9, ಮಗನಿಗೆ 5. ಇಲ್ಲಿ ಶಾಲೆಗಳಿಗೆ ಚಳಿಗಾಲದಲ್ಲಿ ಒಂದು ವಾರ ರಜೆ ಕೊಡುತ್ತಾರೆ. ಸ್ಪೋರ್ಟ್‌ಲೋವ್ ಅಂತಾರೆ, ಅಂದರೆ ಆಟದ ರಜೆ. ಇದು ಶುರುವಾದದ್ದು ಆಟಕ್ಕಲ್ಲ. 1940ರಲ್ಲಿ, ಯುದ್ಧದ ಕಾಲದಲ್ಲಿ, ಶಾಲೆಗಳನ್ನು ಬಿಸಿ ಮಾಡುವ ಇಂಧನಕ್ಕೆ ಬರ ಬಂತು. ಒಂದು ವಾರ ಶಾಲೆ ಮುಚ್ಚಿ ಇಂಧನ ಉಳಿಸಿದರು. ಮಕ್ಕಳು ಸುಮ್ನೆ ಕೂರಬಾರದು ಅಂತ ಹೊರಗಿನ ಆಟಗಳನ್ನು ಏರ್ಪಡಿಸಿದರು. ಯುದ್ಧ ಮುಗಿದರೂ ರಜೆ ಉಳಿಯಿತು. ಈಗ ಒಂದೊಂದು ಪ್ರದೇಶಕ್ಕೆ ಒಂದೊಂದು ವಾರ. ಸ್ಟಾಕ್‌ಹೋಮ್‌ನದು ವರ್ಷದ 9ನೇ ವಾರ, ಅಂದರೆ ಫೆಬ್ರವರಿ ಕೊನೆ, ಮಾರ್ಚ್ ಶುರು. ಆ ವಾರಕ್ಕೆ ಮನೆ ಬೇಕು ಅಂದರೆ ಬೇಸಿಗೆಯಲ್ಲೇ ಬುಕ್ ಮಾಡುವುದು ಒಳ್ಳೆಯದು. ನಾವು ಆಗಸ್ಟ್‌ನಲ್ಲಿ ಮಾಡಿದೆವು.

ಜಾಗ ಡೂವೆಡ್. ಯೆಮ್ಟ್‌ಲಾಂಡ್ ಪ್ರಾಂತ್ಯದಲ್ಲಿ, ದೊಡ್ಡ ಸ್ಕೀ ಊರಾದ ಓರೆಯಿಂದ ಪಶ್ಚಿಮಕ್ಕೆ ಸ್ವಲ್ಪ ದೂರ. ಓರೆಗೆ ದೊಡ್ಡ ಹೆಸರು. 1954, 2007, 2019ರಲ್ಲಿ ಆಲ್ಪೈನ್ ಸ್ಕೀ ವಿಶ್ವ ಚಾಂಪಿಯನ್‌ಶಿಪ್ ನಡೆದ ಊರು ಅದು. ಆದರೆ ಚಿಕ್ಕ ಮಕ್ಕಳು, ಜೊತೆಗೆ 68 ವರ್ಷದ ಅಮ್ಮ. ನಮಗೆ ಬೇಕಾಗಿದ್ದು ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಇಳಿಜಾರು, ಒಂದು ಅಂಗಡಿ, ಒಂದು ರೈಲು ನಿಲ್ದಾಣ. ಡೂವೆಡ್‌ನಲ್ಲಿ ಮೂರೂ ಇವೆ. ಇಳಿಜಾರಿನ ಮೇಲಕ್ಕೆ ಒಯ್ಯುವ ಲಿಫ್ಟುಗಳ ಪಾಸ್ ಎರಡೂ ಕಡೆಗೆ ಒಂದೇ.

ರಾತ್ರಿ ರೈಲಿನಲ್ಲಿ ಹೋದೆವು. ಮಂಚದ ಮೇಲೆ ಮಂಚ ಇರುವ ಡಬ್ಬಿ. ಅಮ್ಮನಿಗೆ ಕೆಳಗಿನದು, ಮಗಳಿಗೆ ಮೇಲಿನದೇ ಬೇಕು. ನಮ್ಮ ಕಡೆಯ ಸ್ಲೀಪರ್ ಕೋಚಿನ ಹಾಗೇ ಇತ್ತು, ಚಹಾ ಮಾರುವವರ ಕೂಗು ಇರಲಿಲ್ಲ ಅಷ್ಟೇ. ಕಾರಿನಲ್ಲಾದರೆ 600 ಕಿಲೋಮೀಟರಿಗೂ ಜಾಸ್ತಿ, ಅದೂ ಕತ್ತಲಲ್ಲಿ, ಹಿಮದಲ್ಲಿ. ರೈಲೇ ಸರಿ ಅಂತ ಈಗಲೂ ಹೇಳುತ್ತೇನೆ. ಈ ಕಣಿವೆಗೆ ಜನರನ್ನು ತಂದದ್ದೂ ರೈಲೇ. 1882ರಲ್ಲಿ ಹಳಿ ಬಂದ ಮೇಲೆ ಪಟ್ಟಣದವರು ಶುದ್ಧ ಗಾಳಿಗಾಗಿ ಇಲ್ಲಿ ಬಂದು ಉಳಿಯತೊಡಗಿದರು. ಅವರನ್ನು 'ಗಾಳಿ ಅತಿಥಿಗಳು' ಅಂತಲೇ ಕರೆಯುತ್ತಿದ್ದರಂತೆ.

ಬೆಳಗ್ಗೆ ಇಳಿದಾಗ ಮೈನಸ್ 21. ಉಸಿರಾಡಿದರೆ ಮೂಗಿನ ಒಳಗೆ ಏನೋ ಅಂಟಿಕೊಂಡಂತೆ. ಮಗ ಮೂಗು ಹಿಡಿದುಕೊಂಡು ನಿಂತುಬಿಟ್ಟ.

ನಮ್ಮದು ಮರದ ಮನೆ, ಸ್ವೀಡಿಷ್‌ನಲ್ಲಿ ಸ್ತೂಗ. ಅಡುಗೆ ನಾವೇ ಮಾಡಿಕೊಳ್ಳಬೇಕು. ಹಾಸಿಗೆ ಬಟ್ಟೆ, ಟವೆಲ್ ನಾವೇ ತರಬೇಕು. ಹೊರಡುವ ದಿನ ನೆಲ ಒರೆಸಿ, ಕಸ ಹಾಕಿ ಬರಬೇಕು. ಬಾಗಿಲು ತೆಗೆದ ಕೂಡಲೇ ಸಿಗುವ ಚಿಕ್ಕ ಕೋಣೆಯಲ್ಲಿ ಆಳೆತ್ತರದ ಒಂದು ಕಪಾಟು. ಒಳಗೆ ಕಂಬಿಗಳು, ಬಾಗಿಲಿಗೆ ಮೊಳೆಯಂಥ ಗೂಟಗಳು. ಗುಂಡಿ ಒತ್ತಿದರೆ ಬಿಸಿಗಾಳಿ ಬೀಸುತ್ತದೆ. ಬಟ್ಟೆ ಒಣಗಿಸುವ ಕಪಾಟು. ಅಮ್ಮ ಅದರ ಬಾಗಿಲು ತೆಗೆದು, ಒಳಗೆ ಕೈ ಹಿಡಿದು ನೋಡಿ, "ಬಚ್ಚಲೊಲೆ!" ಅಂದರು. ಆ ವಾರ ಆ ಕಪಾಟಿನ ಯಜಮಾನಿಕೆ ಅವರದೇ.

ಸ್ಕೀ ಬಗ್ಗೆ ಏನೇನೋ ಓದಿಕೊಂಡು ಹೋಗಿದ್ದೆ. ಈಗ ಯಾರಾದರೂ ಕೇಳಿದರೆ ಮೊದಲು ಬಟ್ಟೆ ಬಗ್ಗೆಯೇ ಹೇಳುತ್ತೇನೆ. ಮೈಗೆ ತಾಗುವ ಪದರ ಉಣ್ಣೆಯದಿರಬೇಕು. ಹತ್ತಿ ಬೇಡವೇ ಬೇಡ. ಮಗು ಓಡಾಡಿ ಬೆವರುತ್ತದೆ, ಹತ್ತಿ ಬೆವರನ್ನು ಹೀರಿ ಒದ್ದೆಯಾಗಿ ಮೈಗೆ ಅಂಟುತ್ತದೆ, ಆಮೇಲೆ ಲಿಫ್ಟಿನಲ್ಲಿ ಸುಮ್ಮನೆ ಕೂತಾಗ ನಡುಕ ಶುರುವಾಗುತ್ತದೆ. ಉಣ್ಣೆ ಸ್ವಲ್ಪ ಒದ್ದೆಯಾದರೂ ಬೆಚ್ಚಗಿರುತ್ತದೆ. ಅದರ ಮೇಲೆ ಫ್ಲೀಸ್ ಅನ್ನುವ ಮೆತ್ತನೆಯ ಬೆಚ್ಚನೆ ಅಂಗಿ, ಎಲ್ಲಕ್ಕಿಂತ ಹೊರಗೆ ಗಾಳಿ, ನೀರು ತಡೆಯುವ ಅಂಗಿ. ಕಾಲಿಗೆ ತೆಳ್ಳನೆ ಉಣ್ಣೆ ಸಾಕ್ಸ್, ಒಂದೇ ಜೊತೆ. ಎರಡು ಹಾಕಿದರೆ ಬೂಟಿನಲ್ಲಿ ಕಾಲು ಬಿಗಿದು ರಕ್ತ ಓಡುವುದಿಲ್ಲ, ಚಳಿ ಇನ್ನೂ ಜಾಸ್ತಿಯಾಗುತ್ತದೆ. ಕೈಗೆ ಬೆರಳು ಬಿಡಿಬಿಡಿಯಾಗಿರುವ ಗ್ಲೌಸ್‌ಗಿಂತ ನಾಲ್ಕು ಬೆರಳೂ ಒಟ್ಟಿಗೆ ಸೇರುವ ಚೀಲದಂಥ ಕೈಗವಸು ವಾಸಿ. ಬೆರಳಿಗೆ ಬೆರಳು ಬಿಸಿ ಕೊಡುತ್ತದೆ. ಪ್ರತಿ ಮಗುವಿಗೂ ಎರಡು ಜೊತೆ ಬೇಕು, ಒಂದು ಕೈಯಲ್ಲಿ, ಒಂದು ಬ್ಯಾಗಿನಲ್ಲಿ.

ಇದನ್ನೆಲ್ಲ ಪಾಲಿಸಿದ್ದೆ. ಕುತ್ತಿಗೆಯ ಪಟ್ಟಿಯನ್ನು ಮಾತ್ರ ಎರಡೆರಡು ಇಟ್ಟುಕೊಳ್ಳಲು ಮರೆತಿದ್ದೆ.

ಎರಡನೇ ದಿನ ಗಾಳಿ ಇತ್ತು. ಮಗನನ್ನು ಕರೆದುಕೊಂಡು ಕುರ್ಚಿ ಲಿಫ್ಟಿನಲ್ಲಿ ಮೇಲೆ ಹೋಗುತ್ತಿದ್ದೆ. ಮುಖದ ಕೆಳಭಾಗ ಮುಚ್ಚುವಂತೆ ಮೇಲೆಳೆದಿದ್ದ ಅವನ ಕುತ್ತಿಗೆಯ ಪಟ್ಟಿ ಉಸಿರು, ಜೊಲ್ಲಿಗೆ ನೆನೆದು ಹಲಗೆಯ ಹಾಗೆ ಗಟ್ಟಿಯಾಗಿತ್ತು. ಮೇಲೆ ಇಳಿದು ನೋಡಿದರೆ ಎಡಗೆನ್ನೆಯ ಮೇಲೆ ರೂಪಾಯಿ ಅಗಲದ ಬಿಳಿ ಚುಕ್ಕೆ. ಅವನಿಗೆ ಅದರ ಅರಿವೇ ಇಲ್ಲ. ನನ್ನ ಎದೆ ಧಸಕ್ಕೆಂದಿತು. ಕೈಗವಸು ಕಿತ್ತು ಬರಿಯ ಅಂಗೈಯನ್ನು ಕೆನ್ನೆಗೆ ಒತ್ತಿ ಹಿಡಿದೆ. ಉಜ್ಜಬಾರದು. ಹಿಮ ಹಚ್ಚಿ ತಿಕ್ಕುವುದಂತೂ ಬಹಳ ತಪ್ಪು. ಸುಮ್ಮನೆ ಒತ್ತಿ ಹಿಡಿದು ಬಿಸಿ ಕೊಡಬೇಕು, ಬೇಗ ಒಳಗೆ ಹೋಗಬೇಕು. ಸ್ವಲ್ಪ ಹೊತ್ತಿಗೆ ಬಣ್ಣ ಬಂತು, ಅದರ ಜೊತೆ ಚುರುಚುರು ಉರಿಯೂ ಬಂತು, ಅವನು ಅತ್ತ. ಅಳು ಕೇಳಿ ನನಗೆ ಸಮಾಧಾನವಾಯಿತು.

ಅವತ್ತಿನಿಂದ ಪಟ್ಟಿಯೂ ಎರಡೆರಡು. ಲಿಫ್ಟಿನ ಕೊನೆಯಲ್ಲಿ ಪ್ರತಿ ಸಲ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವ ನಿಯಮ. ಮಗಳು ಇದನ್ನು ತುಂಬಾ ಗಂಭೀರವಾಗಿ ಮಾಡುತ್ತಿದ್ದಳು. "ಅಪ್ಪ, ಮೂಗಿನ ತುದಿ ಸರಿ ಇದೆ." ಅಮ್ಮ ಕೆನ್ನೆಗೆ ಹಚ್ಚಲು ಕೊಬ್ಬರಿ ಎಣ್ಣೆ ತಂದಿದ್ದರು. ಬ್ಯಾಗಿನಲ್ಲಿದ್ದ ಬಾಟಲಿ ಕಲ್ಲಾಗಿತ್ತು. ರಾತ್ರಿ ಒಡೆದ ತುಟಿಗೆ, ಕೈಗೆ ಅದು ಬಹಳ ಚೆನ್ನಾಗಿ ಕೆಲಸ ಮಾಡಿತು. ಆದರೆ ಎಣ್ಣೆಯಾಗಲಿ ಕ್ರೀಮಾಗಲಿ ಚಳಿ ಕಚ್ಚುವುದನ್ನು ತಡೆಯುವುದಿಲ್ಲ. ಒಣ ಬಟ್ಟೆಯಲ್ಲಿ ಮುಚ್ಚುವುದೊಂದೇ ದಾರಿ.

ಇನ್ನೊಂದು ತಪ್ಪು ಬೂಟಿನದು. ಬಾಡಿಗೆ ಅಂಗಡಿಯಲ್ಲಿ ಮೊದಲ ದಿನ ಜನವೋ ಜನ. ಗಡಿಬಿಡಿಯಲ್ಲಿ ಮಗಳಿಗೆ ಒಂದು ಸೈಜು ಚಿಕ್ಕದು ಬಂತು. ಅವಳು "ನೋವಾಗ್ತಿದೆ ಅಮ್ಮ" ಅಂದಳು. "ಹೊಸದಲ್ವಾ, ಅಭ್ಯಾಸ ಆಗುತ್ತೆ" ಅಂದೆ. ಹಾಗೆ ಹೇಳಬಾರದಿತ್ತು. ಮಧ್ಯಾಹ್ನದ ಹೊತ್ತಿಗೆ ಬೆರಳು ಕೆಂಪಾಗಿ ಊದಿತ್ತು. ಮಾರನೆಯ ದಿನ ಬದಲಾಯಿಸಿಕೊಂಡೆವು. ನೇರ ನಿಂತಾಗ ಬೆರಳು ಬೂಟಿನ ಮುಂದಕ್ಕೆ ತಾಗಬೇಕು, ಮಂಡಿ ಬಗ್ಗಿಸಿದಾಗ ಸ್ವಲ್ಪ ಹಿಂದೆ ಸರಿಯಬೇಕು. ಬಗ್ಗಿಸಿದಾಗಲೂ ಒತ್ತುತ್ತಿದ್ದರೆ ಚಿಕ್ಕದು ಅಂತ ಅರ್ಥ. ರಾತ್ರಿ ಬೂಟುಗಳನ್ನು ಹೊರಗಿನ ಶೆಡ್ಡಿನಲ್ಲಿ ಬಿಡಬೇಡಿ. ಚಳಿಗೆ ಪ್ಲಾಸ್ಟಿಕ್ ಬಿರುಸಾಗಿ ಬೆಳಗ್ಗೆ ಕಾಲು ಹೋಗುವುದೇ ಇಲ್ಲ.

ಮಗಳು ಮೂರು ಬೆಳಗ್ಗೆ ಸ್ಕೀ ಪಾಠಕ್ಕೆ ಹೋದಳು. ಮೊದಲು ಕಲಿಸುವುದು ನಿಲ್ಲುವುದನ್ನು. ಸ್ಕೀಗಳ ಮುಂದಿನ ತುದಿ ಹತ್ತಿರ ತಂದು, ಹಿಂದಿನ ತುದಿ ಅಗಲಿಸಿದರೆ ವೇಗ ಇಳಿಯುತ್ತದೆ. ಇದಕ್ಕೆ ಇಲ್ಲಿ ಪ್ಲೂಗ್ ಅಂತಾರೆ, ಅಂದರೆ ನೇಗಿಲು. ಮಗಳು ಮೂರನೇ ದಿನ ಹಸಿರು ಬಿಟ್ಟು ನೀಲಿ ಗುರುತಿನ ದಾರಿಗೆ ಬಂದಳು. ಸ್ವೀಡನ್‌ನಲ್ಲಿ ಹಸಿರು ಎಲ್ಲಕ್ಕಿಂತ ಸುಲಭ, ಆಮೇಲೆ ನೀಲಿ, ಕೆಂಪು, ಕಪ್ಪು. ಮಗ ಅಪ್ಪನ ಜೊತೆ ನೆಲದ ಮೇಲೆ ಹರಿಯುವ ರಬ್ಬರ್ ಪಟ್ಟಿಯಲ್ಲಿ ಮೇಲೆ ಹೋಗುವುದು, ಜಾರುವುದು, ಮತ್ತೆ ಹೋಗುವುದು. ಒಂದೂವರೆ ಗಂಟೆಗೆ ಅವನ ಬ್ಯಾಟರಿ ಮುಗಿಯುತ್ತಿತ್ತು. ಪಾಸಿಗೆ ದುಡ್ಡು ಕೊಟ್ಟಿದ್ದೇವೆ ಅಂತ ಎಳೆದಾಡಲಿಲ್ಲ. "ಇನ್ನೊಂದು ಸಲ" ಅಂತ ಅವನು ಕೇಳುವಾಗಲೇ ನಿಲ್ಲಿಸುತ್ತಿದ್ದೆವು. ಹಾಗಾಗಿ ಮಾರನೆಯ ದಿನ ಅವನೇ ಮೊದಲು ಎದ್ದು ಹೆಲ್ಮೆಟ್ ಹಾಕಿ ಕೂತಿರುತ್ತಿದ್ದ.

ಮಧ್ಯಾಹ್ನದ ಊಟಕ್ಕೆ ಹೋಟೆಲ್ ಬೇಕಿಲ್ಲ. ಇಳಿಜಾರಿನ ಪಕ್ಕದಲ್ಲಿ ಬೆಚ್ಚಗಿನ ಗುಡಿಸಲುಗಳಿರುತ್ತವೆ, ನಮ್ಮ ಬುತ್ತಿ ನಾವೇ ತಂದು ತಿನ್ನಬಹುದು. ಮೊದಲ ದಿನ ಡಬ್ಬಿಯಲ್ಲಿ ಚಿತ್ರಾನ್ನ ಒಯ್ದಿದ್ದೆವು. ತೆಗೆಯುವ ಹೊತ್ತಿಗೆ ಅನ್ನ ಕಾಳುಕಾಳಾಗಿ ಹೆಪ್ಪುಗಟ್ಟಿತ್ತು. ಮಾರನೆಯ ದಿನದಿಂದ ಅಗಲ ಬಾಯಿಯ ಫ್ಲಾಸ್ಕಿನಲ್ಲಿ ಬಿಸಿಬೇಳೆಬಾತ್, ಉದ್ದ ಫ್ಲಾಸ್ಕಿನಲ್ಲಿ ಮೆಣಸಿನ ಸಾರು. ಆ ಸಾರು! ಎರಡು ಕೈಯಲ್ಲಿ ಲೋಟ ಹಿಡಿದು ಕುಡಿದರೆ ಬೆರಳ ತುದಿಯವರೆಗೂ ಇಳಿಯುತ್ತಿತ್ತು. ಪಕ್ಕದ ಬೆಂಚಿನ ಅಜ್ಜಿಯೊಬ್ಬರು ಪರಿಮಳಕ್ಕೆ ತಿರುಗಿ ನೋಡಿದರು. ಅಮ್ಮ ಒಂದು ಲೋಟ ಕೊಟ್ಟರು. ಅವರು ತಮ್ಮ ಫ್ಲಾಸ್ಕಿನಿಂದ ಬಿಸಿ ಬ್ಲೂಬೆರಿ ಸೂಪ್ ಕೊಟ್ಟರು. ಇಲ್ಲಿ ಹಿಮದಲ್ಲಿ ಅಲೆಯುವವರೆಲ್ಲ ಕುಡಿಯುವ ಸಿಹಿ ಸೂಪ್ ಅದು. ಭಾಷೆ ಬರದ ಇಬ್ಬರೂ ತಲೆಯಾಡಿಸುತ್ತಾ ಖಾಲಿ ಮಾಡಿದರು.

ಅಮ್ಮನಿಗೆ ಬೇಜಾರಾಗುತ್ತದೇನೋ ಅನ್ನುವ ಭಯ ನನಗಿತ್ತು. ಅವರಿಗೆ ಸಿಕ್ಕಿದ್ದು ಸ್ಪಾರ್ಕ್. ಕುರ್ಚಿಗೆ ಉದ್ದನೆಯ ಎರಡು ಕಬ್ಬಿಣದ ಪಟ್ಟಿ ಕಟ್ಟಿದ ಹಾಗಿರುವ ಗಾಡಿ. ಹಿಂದೆ ನಿಂತು ಒಂದು ಕಾಲಲ್ಲಿ ಒದ್ದರೆ ಜಾರುತ್ತದೆ. ಇಲ್ಲಿನ ವಯಸ್ಸಾದವರು ಅದರ ಮೇಲೆ ದಿನಸಿ ಇಟ್ಟುಕೊಂಡು ಬರುತ್ತಾರೆ. ಅಮ್ಮನ ಶೂಗೆ ಮೊಳೆಯಿರುವ ರಬ್ಬರ್ ಪಟ್ಟಿ ಹಾಕಿಸಿದ್ದೆ, ಮಂಜುಗಡ್ಡೆಯ ಮೇಲೆ ಜಾರದಿರಲಿ ಅಂತ. ವಯಸ್ಸಾದವರನ್ನು ಕರೆತರುವವರು ಇದನ್ನು ಮಾತ್ರ ಮರೆಯಬಾರದು. ಮೊಮ್ಮಗಳು ತಳ್ಳುವುದು, ಅಜ್ಜಿ ಹಾಲಿನ ಪ್ಯಾಕೆಟ್ ಹಿಡಿದು ಕೂರುವುದು. ದಿನಕ್ಕೆರಡು ಸಲ ಅಂಗಡಿಗೆ ಹೋಗುವ ನೆಪ ಹುಡುಕುತ್ತಿದ್ದರು.

ಡೂವೆಡ್‌ನಲ್ಲಿ ಒಂದು ಸ್ಮಾರಕವಿದೆ. 1718ರ ಕೊನೆಯಲ್ಲಿ ನಾರ್ವೆಯಲ್ಲಿ ಸ್ವೀಡನ್ನಿನ ರಾಜ 12ನೇ ಕಾರ್ಲ್ ಗುಂಡಿಗೆ ಬಲಿಯಾದ. ಅಲ್ಲೇ ಬೇರೆ ಕಡೆಯಿದ್ದ ಅವನ ಸೇನಾಪತಿ ಆರ್ಮ್‌ಫೆಲ್ಟ್‌ನ ಸೈನ್ಯ ಬೆಟ್ಟ ದಾಟಿ ಸ್ವೀಡನ್ನಿಗೆ ವಾಪಸ್ ಹೊರಟಿತು. 1719ರ ಹೊಸ ವರ್ಷದ ದಿನಗಳಲ್ಲಿ ಹಿಮಗಾಳಿಗೆ ಸಿಕ್ಕಿ ಸುಮಾರು 3,000 ಸೈನಿಕರು ಹೆಪ್ಪುಗಟ್ಟಿ ಸತ್ತರು. ಮಗಳು ಅಲ್ಲಿ ನಿಂತು, "ಅವರ ಹತ್ರ ಇನ್ನೊಂದು ಜೊತೆ ಕೈಗವಸು ಇರಲಿಲ್ವಾ?" ಅಂತ ಕೇಳಿದಳು. ಇರಲಿಲ್ಲ ಪುಟ್ಟಿ, ಹಾಕಿಕೊಳ್ಳಲು ಸರಿಯಾದ ಬಟ್ಟೆಯೂ ಇರಲಿಲ್ಲ ಅಂದೆ. ತುಂಬಾ ಹೊತ್ತು ಅವಳು ಮಾತಾಡಲಿಲ್ಲ.

ಕೊನೆಯ ಹಿಂದಿನ ದಿನ ಗಾಳಿ ನಿಂತಿತು. ಬಸ್ಸಿನಲ್ಲಿ ಓರೆಗೆ ಹೋಗಿ, ಎಲ್ಲರೂ ಕೇಬಲ್ ಕಾರ್ ಹತ್ತಿದೆವು. 1976ರದ್ದು, 1,274 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಬೆಟ್ಟದ ತುದಿ 1,420 ಮೀಟರ್. ಮೇಲೆ ಹೋದ ಹಾಗೆ ಚಳಿ ಜಾಸ್ತಿ ಅಂದುಕೊಂಡಿದ್ದೆವು. ಆದರೆ ಗಾಳಿಯಿಲ್ಲದ ತಿಳಿ ದಿನಗಳಲ್ಲಿ ತಣ್ಣನೆಯ ಗಾಳಿ ಭಾರವಾಗಿ ಕಣಿವೆಯಲ್ಲಿ ಕೂತಿರುತ್ತದೆ, ಮೇಲೆಯೇ ಬೆಚ್ಚಗೆ. ಅವತ್ತೂ ಹಾಗೇ ಇತ್ತು. ಅಮ್ಮ ಕೆಳಗಿನ ಇಳಿಜಾರನ್ನು ನೋಡಿ, "ಓರೆ ಅಂತ ಸರಿಯಾಗೇ ಹೆಸರಿಟ್ಟಿದ್ದಾರೆ, ಎಲ್ಲಾ ಓರೆನೇ" ಅಂದರು. ಮಕ್ಕಳು ಆ ಮಾತನ್ನು ದಿನವಿಡೀ ಹೇಳಿಕೊಂಡು ನಕ್ಕರು.

ಹೊರಡುವ ದಿನ ನಾನು ನೆಲ ಒರೆಸುತ್ತಿದ್ದೆ. ಅಮ್ಮ ಕಪಾಟಿನಿಂದ ಒಂದೊಂದೇ ಕೈಗವಸು ತೆಗೆದು, ಒಳಗೆ ಬೆರಳು ಹಾಕಿ ತುದಿಯವರೆಗೆ ಮುಟ್ಟಿ ನೋಡಿ, ಜೊತೆ ಮಾಡಿ ಇಡುತ್ತಿದ್ದರು. ಮಗನ ಎಡಗೈಯದು ಸ್ವಲ್ಪ ಹಸಿ ಇತ್ತು. ಮತ್ತೆ ಗೂಟಕ್ಕೆ ಸಿಕ್ಕಿಸಿ ಗುಂಡಿ ಒತ್ತಿದರು. "ರೈಲಿಗೆ ಇನ್ನೂ ಟೈಮ್ ಇದೆಯಲ್ಲ" ಅಂದರು.